ಅರವತ್ತೆರಡನೆಯ ಹೆಸರು

ಪ್ರತಿ ತಿಂಗಳ ಮೊದಲ ಸೋಮವಾರ ಲಿಮಾ ನಗರದಂಚಿನ ಗುಡ್ಡದ ಬಡಾವಣೆ ಲೋಮಾ ಸೆಕಾದ ಸಮುದಾಯ ಭವನದ ಗೋಡೆಗೆ, ಪುರಸಭೆಯ ಉಚಿತ ಹಾಲು ಪಡೆಯುವವರ ಪಟ್ಟಿ ಅಂಟಿಸುವ ಕೆಲಸವನ್ನು ಸತುರ್ನಿನಾ ಬೇರೆಯವರ ಕೈಗೆ ಕೊಟ್ಟವಳೇ ಅಲ್ಲ. ಹಿಟ್ಟಿನ ಅಂಟು ತಾನೇ ಕಾಯಿಸಿ, ತಾನೇ ಬಳಿದು, ನಾಲ್ಕೂ ಮೂಲೆ ಅಂಗೈಯಿಂದ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ಪೂರ್ತಿ ಓದುತ್ತಿದ್ದಳು. ಅರವತ್ತೊಂದು ಮನೆ. ಪ್ರತಿ ಸಾಲಿನಲ್ಲೂ ತಾಯಿಯ ಹೆಸರು, ಗುರುತಿನ ಚೀಟಿಯ ನಂಬರು, ಮಕ್ಕಳೆಷ್ಟು, ಮನೆ ಯಾವ ಬ್ಲಾಕಿನ ಎಷ್ಟನೇ ನಿವೇಶನ. ಕೆಳಗೆ ಅವಳ ಸಹಿ, ಹಾಲು ಹಂಚುವ ಸಮಿತಿಯ ನೀಲಿ ಮೊಹರು.

ಆ ಒಂದು ಕಾಗದಕ್ಕಾಗಿ ಅವಳು ಎಷ್ಟು ಸಲ ಗುಡ್ಡ ಇಳಿದು ಪುರಸಭೆಗೆ ಅಲೆದಿದ್ದಳೋ ದೇವರಿಗೇ ಗೊತ್ತು. ಹಿಂದೆ ಸಮಿತಿಯ ಯಜಮಾನಿಕೆ ಲೆಯೋಕಾದಿಯಾಳದು. ಪಟ್ಟಿ ಎಲ್ಲಿದೆ ಎಂದರೆ ‘ಭದ್ರವಾಗಿದೆ’ ಎನ್ನುತ್ತಿದ್ದಳು. ಭದ್ರವಾಗಿಯೇ ಇತ್ತು, ಅವಳ ಪೆಟ್ಟಿಗೆಯ ತಳದಲ್ಲಿ. ಮಕ್ಕಳ ಲೋಟದಲ್ಲಿ ಮಾತ್ರ ಹಾಲಿನ ಹೆಸರಿನಲ್ಲಿ ಬಿಳಿ ನೀರು. ಸತುರ್ನಿನಾ ಪುರಸಭೆಗೆ ಅರ್ಜಿ ಹಾಕಿದಳು. ಸರ್ಕಾರದ ಕಾಗದ ಅಂದರೆ ಜನರ ಕಾಗದ, ಕೇಳಿದವರಿಗೆ ಕೊಡಬೇಕು ಎಂದು ಕಾನೂನೇ ಹೇಳುತ್ತದೆ ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಒಂಬತ್ತು ತಿಂಗಳು ಕಾಯಿಸಿ ಕೊಟ್ಟರು. ಪಟ್ಟಿ ಹಿಡಿದು ಮನೆಮನೆ ಬಾಗಿಲು ತಟ್ಟಿಕೊಂಡು ಹೋದರೆ ಹತ್ತೊಂಬತ್ತು ತಾಯಂದಿರು ಭೂಮಿಯ ಮೇಲೇ ಇರಲಿಲ್ಲ. ಅಂಥವರನ್ನು ಇಲ್ಲಿ ದೆವ್ವಗಳು ಎನ್ನುತ್ತಾರೆ. ದೆವ್ವಗಳ ಪಾಲಿನ ಹಾಲಿನ ಡಬ್ಬಿಗಳು ಲೆಯೋಕಾದಿಯಾಳ ತಮ್ಮನ ಅಂಗಡಿಯಲ್ಲಿ ಸಾಲಾಗಿ ಕೂತಿದ್ದವು.

ಆಮೇಲೆ ಸತುರ್ನಿನಾಳೇ ಯಜಮಾನಿ. ಪಟ್ಟಿಯಲ್ಲಿ ನಿವೇಶನದ ನಂಬರೂ ಇರಬೇಕು ಎಂದು ಹಟ ಹಿಡಿದವಳೂ ಅವಳೇ. ‘ಯಾರಿಗೆ ಅನುಮಾನವೋ ಅವರು ಹೋಗಿ ಬಾಗಿಲು ತಟ್ಟಿ ನೋಡಲಿ’ ಎಂದು ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಮಗಳು ಯೆನಿ.

ನೆರಿದಾ ಬಂದದ್ದು ಜೂನ್ ತಿಂಗಳಲ್ಲಿ. ಲಿಮಾದ ಜೂನ್ ಎಂದರೆ ಆಕಾಶ ತಲೆಯ ಮೇಲೆಯೇ ಕೂತುಬಿಡುತ್ತದೆ. ಮಳೆಯೂ ಅಲ್ಲದ ಮಂಜೂ ಅಲ್ಲದ ತುಂತುರಿನಲ್ಲಿ ಗುಡ್ಡದ ಮಣ್ಣೆಲ್ಲ ಜಾರು. ಹಾಲು ಹಂಚಿ ಮುಗಿದು, ದೊಡ್ಡ ಹಂಡೆ ಉಜ್ಜುತ್ತಿದ್ದಾಗ ಹಿಂದಿನ ಬಾಗಿಲಲ್ಲಿ ಒಬ್ಬ ಹೆಂಗಸು, ಎರಡೂ ಕೈಯಲ್ಲಿ ಒಂದೊಂದು ಹೆಣ್ಣುಮಗು. ಮಾತಿನಲ್ಲಿ ಪೂರ್ವದ ಕಾಡುಸೀಮೆಯ ರಾಗ. ದವಡೆಯ ಮೇಲೆ ಹಳದಿಗೆ ತಿರುಗಿದ ಪೆಟ್ಟು.

“ಮಕ್ಕಳಿಗೆ ಏನಾದ್ರೂ ಉಳಿದಿದ್ಯಾ, ದೋನ್ಯಾ? ನಂಗೇನೂ ಬೇಡ” ಎಂದಳು, ಹಿರಿಯ ಹೆಂಗಸರನ್ನು ಕರೆಯುವ ಗೌರವದಲ್ಲಿ.

ಉಳಿದಿರಲಿಲ್ಲ. ಸತುರ್ನಿನಾ ತನ್ನ ಪಾಲಿನದನ್ನು ಕೊಟ್ಟಳು. ಆ ಮಕ್ಕಳು ಒಂದೇ ಉಸಿರಿಗೆ ಕುಡಿದು ಮುಗಿಸಿದವು. ಗೆಳತಿಯೊಬ್ಬಳು ಊರಿಗೆ ಹೋಗುವಾಗ ತನ್ನ ಗುಡಿಸಲಿನ ಕೀಲಿಯನ್ನು ಸತುರ್ನಿನಾಳಿಗೆ ಕೊಟ್ಟು ಹೋಗಿದ್ದಳು. ಕೆ ಬ್ಲಾಕು, ಒಂಬತ್ತನೇ ನಿವೇಶನ. ಅಲ್ಲಿಗೇ ಕರೆದುಕೊಂಡು ಹೋದಳು.

ಬೀಗವನ್ನು ಹೊರಗಿನಿಂದ ಹಾಕಬೇಕೆಂದು ಕೇಳಿದ್ದು ನೆರಿದಾ. “ಒಳಗಡೆ ಚಿಲಕ ಸಾಲಲ್ಲ ದೋನ್ಯಾ. ನನ್ನ ಗಂಡ ಬಂದ್ರೆ ಬಾಗಿಲು ಒಡೀತಾನೆ. ಹೊರಗಡೆ ಬೀಗ ಕಂಡ್ರೆ ಯಾರೂ ಇಲ್ಲ ಅಂದ್ಕೊಂಡು ಹೋಗ್ತಾನೆ.”

ಗುಡ್ಡದ ಮೇಲೆ ಹಾಗೆ ಬೀಗ ಜಡಿದ ಖಾಲಿ ಗುಡಿಸಲುಗಳಿಗೆ ಬರವಿಲ್ಲ. ಜಾಗ ಹಿಡಿದಿಟ್ಟು, ಮುಂದೆ ಯಾವತ್ತೋ ಬರುತ್ತೇವೆಂದು ಹೋದವರವು. ಅವುಗಳ ನಡುವೆ ಕೆ ಒಂಬತ್ತೂ ಒಂದಾಯಿತು. ಹಿಂದಿನ ಚಾಪೆಯ ಗೋಡೆಯ ಒಂದು ಮೂಲೆ ಬಿಚ್ಚಿಟ್ಟುಕೊಂಡಿದ್ದರು, ತೀರಾ ತುರ್ತಿಗೆ ಅಲ್ಲಿಂದ ನುಸುಳಿ ಗುಡ್ಡಕ್ಕೆ. ಬೆಳಿಗ್ಗೆ ಸತುರ್ನಿನಾ ಮುಚ್ಚಳದ ಪಾತ್ರೆಯಲ್ಲಿ ಹಾಲು ಒಯ್ಯುತ್ತಿದ್ದಳು. ಮೂರು ಸಲ ತಟ್ಟಿ ಬೀಗ ತೆಗೆಯುತ್ತಿದ್ದಳು. ಮಾರುಕಟ್ಟೆಯಿಂದ ಬೆಳ್ಳುಳ್ಳಿ ಮೂಟೆ ತಂದು ಹಾಕಿದರೆ ನೆರಿದಾ ದಿನವಿಡೀ ಸುಲಿದು ಕೊಡುತ್ತಿದ್ದಳು, ಅದೇ ಅವಳ ಸಂಪಾದನೆ. ದೊಡ್ಡ ಹುಡುಗಿ ಆರು ವರ್ಷದವಳು, ಪಿಸುಮಾತಿನಲ್ಲಿ ಆಡುವುದನ್ನು ಕಲಿತುಬಿಟ್ಟಿದ್ದಳು. ಆ ವಯಸ್ಸಿಗೆ ಕಲಿಯಬೇಕಾದ ವಿದ್ಯೆಯೇ ಅದು!

ಮಕ್ಕಳ ಪಾಲು ಪುರಸಭೆಯಿಂದ ಬರಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕು. ಆ ಮಾತು ಎತ್ತಿದಾಗ ನೆರಿದಾಳ ಕೈಯ ಚಾಕು ನಿಂತಿತು.

“ಗೋಡೆ ಮೇಲೆ ಬೇಡ ದೋನ್ಯಾ. ನಿಮ್ಮ ಕಾಲಿಗೆ ಬೀಳ್ತೀನಿ.”

“ನನ್ನ ಹೆಸರೂ ಗೋಡೆ ಮೇಲಿದೆ ಕಣೇ. ಎಲ್ಲರದೂ ಇದೆ.”

“ನಿಮ್ಮನ್ನ ಯಾರೂ ಹುಡುಕ್ತಿಲ್ಲ.”

ಮರುದಿನ ಸತುರ್ನಿನಾ ಗುಡ್ಡ ಇಳಿದಳು. ಒಂದು ಹೆಸರನ್ನು ಗೋಡೆಯಿಂದ ಮರೆಮಾಡಲು ದಾರಿ ಇದೆಯೇ ಎಂದು ಪುರಸಭೆಗೆ ಹೋಗಿ ಕೇಳಿದಳು. ಮಾಹಿತಿ ಕಿಟಕಿಯಲ್ಲಿದ್ದವನು ಒಳ್ಳೆಯ ಹುಡುಗನೇ. ಇದೆ ಎಂದ. ಜನರ ಖಾಸಗಿ ವಿವರ ಕಾಪಾಡಬೇಕೆಂದು ಇನ್ನೊಂದು ಕಾನೂನಿದೆ, ಅದಕ್ಕೊಂದು ನಮೂನೆ ಇದೆ, ತುಂಬಿಸಿ ಎಂದ. ನಮೂನೆಯಲ್ಲಿ ಪೂರ್ಣ ಹೆಸರು, ನಂಬರು, ವಿಳಾಸ, ಯಾರಿಂದ ಮರೆಮಾಡಬೇಕು, ಕಾರಣವೇನು.

“ಇದು ಎಲ್ಲಿಗೆ ಹೋಗುತ್ತೆ ಮಗಾ?”

“ಬಂದ ಅರ್ಜಿಗಳನ್ನೆಲ್ಲ ಹದಿನೈದು ದಿನ ಕೆಳಗಡೆ ಫಲಕಕ್ಕೆ ಹಾಕ್ತೀವಿ ಸೆನ್ಯೋರಾ. ಯಾರದಾದ್ರೂ ಆಕ್ಷೇಪಣೆ ಇದ್ರೆ ತಿಳಿಸ್ಲಿ ಅಂತ.”

“ಅಂದ್ರೆ ಬಚ್ಚಿಡೋಕೆ ಮೊದಲು ಡಂಗುರ ಸಾರ್ಬೇಕು.”

ಅವನು ಪಾಪ, ತಲೆ ತಗ್ಗಿಸಿದ. “ನಿಯಮ ನಾನು ಮಾಡಿದ್ದಲ್ಲ ಸೆನ್ಯೋರಾ.”

ನಮೂನೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಂದಳು. ಹೆಸರಿಲ್ಲದೆಯೇ ಎರಡು ಲೋಟ ಹಾಲು ಮೇಲಕ್ಕೆ ಹೋಗುತ್ತಾ ಇತ್ತು.

ಸೆನೋಬಿಯಾಳ ಕಣ್ಣು ತಪ್ಪಿಸುವುದು ಯಾರಿಂದ ಸಾಧ್ಯ? ಲೆಯೋಕಾದಿಯಾ ದೆವ್ವಗಳನ್ನು ಸಾಕುತ್ತಿದ್ದ ಕಾಲದಲ್ಲಿ ಸೆನೋಬಿಯಾಳ ಕೊನೆಯ ಮಗು ರಕ್ತಹೀನತೆಯಿಂದ ಬೆಳ್ಳಗಾಗಿ ಆಸ್ಪತ್ರೆ ಸೇರಿತ್ತು. ಅಂದಿನಿಂದ ಹಂಡೆಗೆ ಬೀಳುವ ಪ್ರತಿ ಡಬ್ಬಿಯನ್ನೂ ಎಣಿಸುವುದು ಅವಳ ವ್ರತವಾಗಿತ್ತು. ಜುಲೈ ಸಭೆಯಲ್ಲಿ ಎದ್ದು ನಿಂತಳು.

“ವೆಸಿನಾಗಳೇ, ನೆರೆಯವರೇ, ಒಂದು ಮಾತು. ಮುಚ್ಚಳದ ಪಾತ್ರೇಲಿ ಹಾಲು ಮೇಲಕ್ಕೆ ಹೋಗ್ತಿದೆ, ದಿನಾ. ಪಟ್ಟೀಲಿ ಇಲ್ಲದ ಬಾಯಿ ಯಾವುದಪ್ಪಾ ಅದು? ನಮ್ಮ ಯಜಮಾನಿಗೂ ದೆವ್ವ ಹಿಡೀತೋ ಏನೋ!”

ನಗು ಎದ್ದಿತು. ಕೆಲವರು ನಗಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು.

“ಬಡವರ ಮಕ್ಕಳಿಗೆ ಕೊಟ್ಟೆ” ಎಂದಳು ಸತುರ್ನಿನಾ.

“ಯಾವ ಮಕ್ಕಳಿಗೆ? ಹೆಸರು ಹೇಳು. ನೀನೇ ತಾನೇ ಹೇಳ್ದೋಳು, ಹೋಗಿ ಬಾಗಿಲು ತಟ್ಟಿ ಅಂತ? ಯಾವ ಬಾಗಿಲು ತಟ್ಟಲಿ ನಾನು? ಲೆಯೋಕಾದಿಯಾನೂ ಹೀಗೇ ಅಂತಿದ್ಲು, ಬಡವರಿಗೆ ಕೊಟ್ಟೆ ಅಂತ.”

ಲೆಯೋಕಾದಿಯಾಳ ಹೆಸರು ಕೇಳಿದ್ದೇ ಸತುರ್ನಿನಾಳ ಮೈ ಉರಿದುಹೋಯಿತು. ಒಂಬತ್ತು ತಿಂಗಳು ಪುರಸಭೆಯ ಬೆಂಚು ಸವೆಸಿದವಳನ್ನು ಆ ಕಳ್ಳಿಯ ಪಕ್ಕಕ್ಕೆ ತಂದು ನಿಲ್ಲಿಸುವುದೇ? ಮನೆಗೆ ಬಂದವಳೇ ಆಗಸ್ಟ್ ತಿಂಗಳ ಪಟ್ಟಿ ಹರಡಿ ಕೂತಳು. ಮಕ್ಕಳ ತೂಕ ನೋಡಿಸಲು ನೆರಿದಾ ಕೊಟ್ಟಿದ್ದ ಆರೋಗ್ಯ ಚೀಟಿ ಅವಳ ಬಳಿಯೇ ಇತ್ತು. ಅರವತ್ತೆರಡು: ನೆರಿದಾ ತುವಾನಾಮಾ, ನಂಬರು, ಮಕ್ಕಳು ಎರಡು, ಕೆ ಬ್ಲಾಕು, ಒಂಬತ್ತು. ನೆರಿದಾಳಿಗೆ ಹೇಳಲಿಲ್ಲ. ಈ ಗುಡ್ಡದ ಗೋಡೆ ಓದಲು ಕಾಡಿನಿಂದ ಯಾರು ಬರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುವಾಗ ಅವಳಿಗೆ ನಿಜವಾಗಿ ಕಾಣುತ್ತಿದ್ದದ್ದು ಸೆನೋಬಿಯಾಳ ಮುಖ.

ಸೋಮವಾರ ಅಂಟಿಸಿದಳು. ಅಂದೇ ಮಧ್ಯಾಹ್ನ ಸೆನೋಬಿಯಾ ಪಟ್ಟಿಯ ಚಿತ್ರ ತೆಗೆದು ಬಡಾವಣೆಯವರ ಫೇಸ್‌ಬುಕ್ ಗುಂಪಿಗೆ ಹಾಕಿದಳು. ‘ಎಲ್ಲರೂ ನೋಡಲಿ, ಮುಚ್ಚುಮರೆ ಬೇಡ’ ಎಂದು ಬರೆದಿದ್ದಳು. ಆ ಗುಂಪಿನ ಬಾಗಿಲಿಗೆ ಬೀಗವೂ ಇಲ್ಲ, ಚಿಲಕವೂ ಇಲ್ಲ, ಯಾವ ಊರಿನಿಂದ ಯಾರು ಬೇಕಾದರೂ ನೋಡಬಹುದು. ಆಮೇಲೆ ಎರಡು ಸಲ ಕೆ ಒಂಬತ್ತರ ಬಾಗಿಲು ತಟ್ಟಿದಳು. ಒಳಗೆ ನೆರಿದಾ ಎರಡು ಮಕ್ಕಳ ಬಾಯಿ ಒತ್ತಿ ಹಿಡಿದು ಕೂತಿದ್ದಳು. ಸೆನೋಬಿಯಾ ಬೀಗ ಜಗ್ಗಿ ನೋಡಿ, ನಕ್ಕು, ಇಳಿದು ಹೋದಳು.

ಇಪ್ಪತ್ತೆರಡು ದಿನ ಕಳೆದಿತ್ತು. ಬೆಳಿಗ್ಗೆ ಆರೂವರೆ, ಹೆಂಗಸರೆಲ್ಲ ಪಾತ್ರೆ ಹಿಡಿದು ಸಾಲು ನಿಂತಿದ್ದರು. ಓಟ್ಸ್ ಹಾಕಿದ ಹಾಲು ಕುದಿದು, ದಾಲ್ಚಿನ್ನಿಯ ಘಮ ಎದ್ದಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಗಂಡಸು ಸಾಲಿನ ಪಕ್ಕದಿಂದ ಮುಂದೆ ಬಂದ. ಕೈಯಲ್ಲಿ ಎರಡು ಗುಲಾಬಿ ಬಣ್ಣದ ಹೊಸ ಶಾಲಾ ಚೀಲ, ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

“ಕ್ಷಮಿಸಿ ಸೆನ್ಯೋರಾ. ಯಜಮಾನಿ ನೀವೇನಾ? ನಾನು ಎಲ್ಮರ್. ನೆರಿದಾಳ ಗಂಡ. ಕೆ ಒಂಬತ್ತಕ್ಕೆ ಹೋಗಿದ್ದೆ, ಬೀಗ ಹಾಕಿದೆ. ಎಷ್ಟು ಹೊತ್ತಿಗೆ ಬರ್ತಾಳೆ ಅವಳು?”

ಬೀಗದ ಕೀಲಿ ಸತುರ್ನಿನಾಳ ಏಪ್ರನ್ನಿನ ಜೇಬಿನಲ್ಲಿತ್ತು, ತೊಡೆಗೆ ತಾಗುತ್ತಿತ್ತು. ಸೌಟನ್ನು ಹಂಡೆಯಲ್ಲೇ ಬಿಟ್ಟಳು.

“ಯಾವ ನೆರಿದಾ? ಹಂಗ್ಯಾರೂ ಇಲ್ಲಿಲ್ಲ.”

ಅವನು ಫೋನು ಚಾಚಿದ. ಗೋಡೆಯ ಪಟ್ಟಿಯ ಚಿತ್ರ, ಕೊನೆಯ ಸಾಲು ದೊಡ್ಡದಾಗಿ ಕಾಣುತ್ತಿತ್ತು. “ಇದು ನಿಮ್ಮ ಸಹಿ ತಾನೇ? ಮೊಹರೂ ನಿಮ್ಮದೇ. ಅವಳ ನಂಬರು, ಮಕ್ಕಳು ಎರಡು. ಸರ್ಕಾರದ ಕಾಗದ ಸುಳ್ಳು ಹೇಳುತ್ತಾ ಸೆನ್ಯೋರಾ?”

ಸಾಲಿನಲ್ಲಿದ್ದ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವನ ಧ್ವನಿಯಲ್ಲಿ ಒರಟುತನ ಇರಲೇ ಇಲ್ಲ. ಆದರೆ ಚೀಲಗಳ ಪಟ್ಟಿ ಹಿಡಿದ ಬೆರಳ ಗಂಟುಗಳ ಮೇಲೆ ಹಳೆಯ ಗಾಯದ ಗುರುತು ನೋಡಿ ಸತುರ್ನಿನಾಳಿಗೆ ನೆರಿದಾಳ ದವಡೆ ಕಣ್ಣಿಗೆ ಕಟ್ಟಿತು. ಇಲ್ಲಿಂದ ಆ ಗುಡಿಸಲಿಗೆ ಇನ್ನೂರು ಮೆಟ್ಟಿಲು. ಒಂದು ಕಲ್ಲಿನ ಏಟಿಗೆ ಬೀಗ ಬೀಳುತ್ತದೆ.

“ಹೇಳುತ್ತೆ” ಎಂದಳು. “ಈ ಕಾಗದ ಸುಳ್ಳು ಹೇಳುತ್ತೆ. ನಾನೇ ಹೇಳಿಸ್ದೆ.”

“ಅಂದ್ರೆ?”

“ಅಂದ್ರೆ ಅವಳು ದೆವ್ವ. ಇಲ್ಲದ ಹೆಸರು. ಅವಳ ಪಾಲಿನ ಡಬ್ಬಿ ತಗೊಳ್ಳೋಕೆ ನಾನೇ ಬರ್ದೆ. ಕೆ ಒಂಬತ್ತು ಖಾಲಿ ಗುಡಿಸ್ಲು, ಯಾರೂ ಇಲ್ಲ ಅಂತ ಗೊತ್ತಿದ್ದೇ ಹಾಕ್ದೆ.”

ಅವನು ಒಪ್ಪಲಿಲ್ಲ. ಮೂರ್ಖನಾಗಿರಲಿಲ್ಲ ಅವನು. “ಅವಳ ನಂಬರು ನಿಮಗೆ ಹೇಗೆ ಸಿಕ್ತು?”

“ಪೇಟೆ ಗಲ್ಲೀಲಿ ಮಾರ್ತಾರಪ್ಪಾ! ಹೆಸರು, ನಂಬರು, ಊರು, ಎಲ್ಲ ಕೇಳಿದಷ್ಟು. ದೂರದ ಊರಿನವರದೇ ಕೊಡಿ ಅಂದೆ, ಕೊಟ್ರು. ಅಲ್ಲಿಂದ ಯಾರು ಬಂದು ಕೇಳ್ತಾರೆ ಅಂದ್ಕೊಂಡೆ.”

“ಮಕ್ಕಳು ಎರಡು ಅಂತಾನೂ ಅವರೇ ಹೇಳಿದ್ರಾ?”

“ಎರಡು ಅಂತ ಹಾಕಿದ್ದು ನಾನು. ಮೂರು ಹಾಕಿದ್ರೆ ಕಣ್ಣಿಗೆ ಹೊಡೆಯುತ್ತೆ.”

ಅಷ್ಟರಲ್ಲಿ ಸಾಲಿನ ನಡುವಿನಿಂದ ಪಾತ್ರೆಯೊಂದು ದಬಕ್ಕೆಂದು ನೆಲಕ್ಕೆ ಬಿತ್ತು. ಸೆನೋಬಿಯಾ.

“ಕೇಳಿದ್ರಾ! ಕೇಳಿದ್ರಾ ಎಲ್ಲಾರೂ! ಎರಡು ತಿಂಗಳಿಂದ ಬಡ್ಕೋತಿದೀನಿ ನಾನು, ನಂಗೇ ಹುಚ್ಚಿ ಅಂದ್ರಿ! ಎರಡು ಸಲ ಹೋಗಿ ತಟ್ಟಿ ಬಂದೆ ಸ್ವಾಮೀ, ಆ ಗುಡಿಸ್ಲಲ್ಲಿ ಒಂದು ನೊಣಾನೂ ಇಲ್ಲ. ಬೀಗಕ್ಕೆ ತುಕ್ಕು ಹಿಡಿದಿದೆ. ಥೂ ನಿನ್ನ ಜನ್ಮಕ್ಕೆ, ಸತುರ್ನಿನಾ! ನನ್ನ ಮಗು ಸಾಯೋ ಹಂಗಿದ್ದಾಗ ನಮ್ಮ ಪರವಾಗಿ ಪುರಸಭೆಗೆ ಹೋದವಳು ನೀನು. ನಿನ್ನ ಫೋಟೋನ ದೇವರ ಪಕ್ಕ ಇಟ್ಟಿದ್ದೆ ಕಣೇ ನಾನು!”

ಸೆನೋಬಿಯಾ ನಾಟಕವಾಡುತ್ತಿರಲಿಲ್ಲ. ಅಳುತ್ತಿದ್ದಳು. ಅವಳು ಆಡಿದ ಒಂದೊಂದು ಮಾತೂ ಅವಳ ಮಟ್ಟಿಗೆ ನಿಜ. ಎಲ್ಮರ್ ಅವಳ ಮುಖ ನೋಡಿದ, ಸತುರ್ನಿನಾಳ ಮುಖ ನೋಡಿದ. ಸತುರ್ನಿನಾ ಏನನ್ನು ಹೇಳಿದ್ದರೂ ನಂಬುತ್ತಿರಲಿಲ್ಲವೋ ಏನೋ, ಆ ಅಳುವನ್ನು ನಂಬಿದ. ಹೆಂಗಸರು ಕೂಗಾಡತೊಡಗಿದರು. ಒಬ್ಬಳು ಸೌಟು ಕಿತ್ತುಕೊಂಡಳು. ಅವನು ಎರಡು ಚೀಲಗಳನ್ನು ಹೆಗಲಿಗೆ ಹಾಕಿಕೊಂಡು, ಸೆನೋಬಿಯಾಳಿಗೆ ತನ್ನ ಫೋನ್ ನಂಬರು ಬರೆದುಕೊಟ್ಟು, ಇಳಿದು ಹೋದ. ಹೋಗುವ ಮೊದಲು ತಾನೂ ಆ ಗುಂಪಿಗೆ ಸೇರಿಕೊಂಡ. ಏನಾದರೂ ಸುದ್ದಿ ಬಂದರೆ ಇರಲಿ ಎಂದನಂತೆ.

ಹೆಂಗಸರ ಕೈಯಿಂದ ಬಿಡಿಸಿಕೊಂಡು ಸತುರ್ನಿನಾ ಬಳಸುದಾರಿಯಲ್ಲಿ ಗುಡ್ಡ ಹತ್ತುವಷ್ಟರಲ್ಲಿ ಹತ್ತು ಗಂಟೆ. ಮೂರು ಸಲ ತಟ್ಟಿದಳು, ಬೀಗ ತೆಗೆದಳು. ನೆರಿದಾ ಮೂಲೆಯಲ್ಲಿ ಮಕ್ಕಳನ್ನು ಅವುಚಿಕೊಂಡು ನಿಂತಿದ್ದಳು. ಗಂಡನ ಕೆಮ್ಮನ್ನು ಬಾಗಿಲಾಚೆಯಿಂದ ಕೇಳಿದ್ದಳು, ಹೇಳಬೇಕಾಗಿರಲಿಲ್ಲ.

“ಹೋದ” ಎಂದಳು ಸತುರ್ನಿನಾ. “ನೀನು ಇಲ್ಲಿಲ್ಲ ಅಂತ ನಂಬಿಸಿ ಕಳಿಸ್ದೆ.”

“ಹೇಗೆ ಗೊತ್ತಾಯ್ತು ಅವನಿಗೆ?”

ಇಲ್ಲಿಯೂ ಒಂದು ಸುಳ್ಳು ಹೇಳಬಹುದಿತ್ತು. ಬೆಳಿಗ್ಗೆಯಿಂದ ಹೇಳಿದ್ದರ ಜೊತೆ ಇನ್ನೊಂದು. ನಾಲಿಗೆ ಏಳಲಿಲ್ಲ.

“ನಾನೇ ಹಾಕ್ದೆ ನಿನ್ನ ಹೆಸರು. ಗೋಡೆ ಮೇಲೆ. ನನ್ನನ್ನ ಕಳ್ಳಿ ಅಂದ್ರು ಕಣೇ, ತಡ್ಕೊಳ್ಳೋಕೆ ಆಗ್ಲಿಲ್ಲ.”

ನೆರಿದಾ ಮೂಲೆಯಲ್ಲಿದ್ದ ಬಟ್ಟೆಗಳನ್ನು ಚೀಲಕ್ಕೆ ತುಂಬಲು ಶುರುಮಾಡಿದಳು. ಸುಲಿದ ಬೆಳ್ಳುಳ್ಳಿಯನ್ನು ಅಂದವಾಗಿ ಒಂದು ಬಟ್ಟೆಯಲ್ಲಿ ಕಟ್ಟಿ ಸತುರ್ನಿನಾಳ ಮುಂದಿಟ್ಟಳು.

“ಎಲ್ಲಿಗೆ ಹೋಗ್ತೀಯೇ ಈ ಮಕ್ಕಳನ್ನ ಕಟ್ಕೊಂಡು?”

“ನಿಮಗೆ ಹೇಳಲ್ಲ ದೋನ್ಯಾ.”

ಸಿಟ್ಟಿನಿಂದ ಹೇಳಿದ್ದಲ್ಲ, ಹೊಸದಾಗಿ ಕಲಿತ ಪಾಠ ಒಪ್ಪಿಸಿದಂತೆ ಹೇಳಿದಳು. ಸತುರ್ನಿನಾಳ ಎದೆಗೆ ಆ ಮಾತು ನಾಟಿತು, ಆದರೆ ಸರಿಯಲ್ಲ ಎನ್ನುವ ಹಾಗಿರಲಿಲ್ಲ. ಮಧ್ಯಾಹ್ನ ಹಿಂದಿನ ಚಾಪೆ ಸರಿಸಿ ಮೂವರೂ ಗುಡ್ಡದ ಆ ಮಗ್ಗುಲಿಗೆ ಇಳಿದರು. ಚಿಕ್ಕವಳು ಒಮ್ಮೆ ತಿರುಗಿ ಕೈ ಬೀಸಿದಳು. ತಾಯಿ ಅವಳ ಕೈಯನ್ನು ಹಿಡಿದು ಕೆಳಗಿಳಿಸಿದಳು.

ಶನಿವಾರ ತುರ್ತು ಸಭೆ. ಪುರಸಭೆಯಿಂದಲೂ ಒಬ್ಬ ಹೆಂಗಸು ಬಂದಿದ್ದಳು. ಕಾರ್ಯದರ್ಶಿ ನಡಾವಳಿ ಪುಸ್ತಕ ತೆರೆದು ಬರೆದದ್ದನ್ನು ಗಟ್ಟಿಯಾಗಿ ಓದಿದಳು: ಯಜಮಾನಿ ಸತುರ್ನಿನಾ ಉವಾರ್ಕಾಯಾ ಅಸ್ತಿತ್ವದಲ್ಲಿಲ್ಲದ ಫಲಾನುಭವಿಯ ಹೆಸರು ಸೇರಿಸಿ ಮಕ್ಕಳ ಪಾಲನ್ನು ಸ್ವಂತಕ್ಕೆ ಬಳಸಿದ್ದನ್ನು ಒಪ್ಪಿಕೊಂಡಿದ್ದಾರೆ.

“ಸರಿನಾ?” ಎಂದಳು ಪುರಸಭೆಯವಳು. “ಬದಲಾಯಿಸ್ಬೇಕು ಅನ್ನೋದಾದ್ರೆ ಈಗ್ಲೇ ಹೇಳಿ ಸೆನ್ಯೋರಾ. ಇದು ಸಾರ್ವಜನಿಕ ದಾಖಲೆ. ನಾಳೆ ಗೋಡೆಗೆ ಹೋಗುತ್ತೆ, ಗುಂಪಿಗೂ ಹೋಗುತ್ತೆ. ಆಮೇಲೆ ತಿದ್ದೋಕೆ ಬರಲ್ಲ.”

ಗುಂಪಿಗೆ ಹೋಗುತ್ತದೆ. ಆ ಗುಂಪಿನಲ್ಲಿ ಅವನಿದ್ದಾನೆ. ನೆರಿದಾ ಹೊರಟು ಇನ್ನೂ ನಾಲ್ಕು ದಿನ, ಎರಡು ಮಕ್ಕಳನ್ನು ಕಟ್ಟಿಕೊಂಡವಳು ಎಷ್ಟು ದೂರ ಹೋಗಿರುತ್ತಾಳೆ? ಅವಳು ಇಲ್ಲಿದ್ದಳು ಎಂಬ ಒಂದು ಸಾಲು ಸಾಕು, ಅವನು ನಾಳೆಯೇ ಬಂದು ಬಸ್ ನಿಲ್ದಾಣಗಳಲ್ಲಿ ಕೇಳಲು ಶುರುಮಾಡುತ್ತಾನೆ. ಸತುರ್ನಿನಾ ಸುತ್ತ ನೋಡಿದಳು. ಅರವತ್ತೊಂದು ಮನೆಯವರೂ ಇದ್ದರು. ಒಬ್ಬರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ.

“ಸರಿಯಾಗೇ ಇದೆ” ಎಂದಳು.

ಸಹಿ ಹಾಕಿದಳು. ಸಹಿಯ ಪಕ್ಕ ಹೆಬ್ಬೆಟ್ಟೂ ಒತ್ತಿಸಿಕೊಂಡರು. ಶಾಯಿ ಒರೆಸಿಕೊಳ್ಳಲು ಯಾರೂ ಬಟ್ಟೆ ಕೊಡಲಿಲ್ಲ, ಲಂಗಕ್ಕೇ ಒರೆಸಿಕೊಂಡಳು.

ಭಾನುವಾರ ಯೆನಿ ಬಂದಳು. ಅವಳು ನಗರದ ಆ ತುದಿಯಲ್ಲಿ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು, ಭಾನುವಾರ ತಪ್ಪಿಸಿದವಳಲ್ಲ. ಸತುರ್ನಿನಾ ಅವಳಿಗೆ ಇಷ್ಟವೆಂದು ಸಿಹಿಗೆಣಸು ಬೇಯಿಸಿ, ಮೀನು ಹುರಿದಿದ್ದಳು. ಯೆನಿ ಚೀಲ ಕೆಳಗಿಡಲಿಲ್ಲ. ಫೋನಿನಲ್ಲಿ ನಡಾವಳಿಯ ಚಿತ್ರ ತೆರೆದು ಮೇಜಿನ ಮೇಲಿಟ್ಟಳು.

“ಇದು ನಿಜಾನಾ ಅಮ್ಮಾ? ಇಲ್ಲ ಅನ್ನು ಸಾಕು. ಈಗ್ಲೇ ಇಳಿದು ಹೋಗಿ ಆ ಸೆನೋಬಿಯಾ ಜುಟ್ಟು ಹಿಡಿದು ಬೀದೀಲಿ ನಿಲ್ಲಿಸ್ತೀನಿ.”

ನಿಲ್ಲಿಸುತ್ತಿದ್ದಳು, ಅನುಮಾನವೇ ಇಲ್ಲ. ಮಗಳ ಬಾಯಿ ತಾಯಿಗೆ ಗೊತ್ತು. ಹೊಟ್ಟೆಯಲ್ಲಿ ಒಂದು ಗುಟ್ಟು ನಿಲ್ಲದ ಹುಡುಗಿ, ಅದೂ ತಾಯಿಯ ಮರ್ಯಾದೆಯ ಪ್ರಶ್ನೆ. ಅವಳಿಗೆ ಹೇಳಿದ್ದು ಮಧ್ಯಾಹ್ನದೊಳಗೆ ಗುಡ್ಡಕ್ಕೆಲ್ಲ ಗೊತ್ತಾಗುತ್ತಿತ್ತು, ಸಂಜೆಯೊಳಗೆ ಅವನ ಫೋನಿಗೆ ಮುಟ್ಟುತ್ತಿತ್ತು. ಸತುರ್ನಿನಾಳಿಗೆ ಮಗಳ ಕೈ ಹಿಡಿದು ಎಲ್ಲವನ್ನೂ ಹೇಳಿ ಅತ್ತುಬಿಡಬೇಕು ಅನ್ನಿಸಿತು. ಒಲೆಯ ಕಡೆ ತಿರುಗಿಕೊಂಡಳು.

“ನಿಜ ಕಣೇ.”

“ಯಾಕೆ? ನಾವು ಉಪವಾಸ ಇದ್ದಾಗ್ಲೂ ನನಗೆ ಒಂದು ಡಬ್ಬಿ ಹೆಚ್ಚಿಗೆ ತಂದವಳಲ್ಲ ನೀನು. ಯಾರಿಗೋಸ್ಕರ ಅಮ್ಮಾ?”

“ಆಸೆ ಆಯ್ತು” ಎಂದಳು ಸತುರ್ನಿನಾ.

ಯೆನಿ ಫೋನು ಎತ್ತಿಕೊಂಡು ಮೆಟ್ಟಿಲಿಳಿದು ಹೊರಟುಹೋದಳು. ಮರುವಾರ ಸತುರ್ನಿನಾ ಮತ್ತೆ ಇಬ್ಬರಿಗಾಗುವಷ್ಟು ಮೀನು ಹುರಿದಿಟ್ಟಳು, ಯೆನಿ ಬರಲಿಲ್ಲ.